ಅಪ್‌ಡೇಟ್: ಎದೆ ಡವಡವ, ಕುತ್ತಿಗೆ ಬಿಗಿತ

ಕೆಲಸದ ಒತ್ತಡ ಜಾಸ್ತಿಯಾದ ಮೇಲೆ ಎದೆ ಡವಡವ, ಕುತ್ತಿಗೆ ಬಿಗಿತ, ರಾತ್ರಿ ನಿದ್ದೆಯಿಲ್ಲ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ.

ಕಾಸರಗೋಡಿನಲ್ಲಿ ಡಾಕ್ಟರಿಗೆ ತೋರಿಸಿದೆ. ಇಸಿಜಿ, ಥೈರಾಯ್ಡ್ ಎರಡೂ ಸರಿಯಿವೆ. ಒತ್ತಡವಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸೋಲ್ ಎಂಬ ಹಾರ್ಮೋನುಗಳನ್ನು ಬಿಡುತ್ತವಂತೆ. ಓಡಲೋ ಹೊಡೆದಾಡಲೋ ದೇಹ ಸಜ್ಜಾಗುತ್ತದೆ: ಎದೆಬಡಿತ ಏರುತ್ತದೆ, ಸ್ನಾಯು ಬಿಗಿಯುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ನಾನೋ, ಕುರ್ಚಿ ಬಿಟ್ಟು ಏಳುವುದೇ ಇಲ್ಲ!

ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ ಎಂದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಕನಿಷ್ಠ ಅಷ್ಟೇ. ಈಗ ಸಂಜೆ ಬೇಕಲ ಬೀಚಿನಲ್ಲಿ ನಡಿಗೆ, ಮಳೆ ಬಂದರೆ ಮನೆ ಜಗಲಿಯಲ್ಲೇ ಸೂರ್ಯನಮಸ್ಕಾರ. ನಿದ್ದೆ ಮೊದಲು ಸುಧಾರಿಸಿತು. ಕುತ್ತಿಗೆ ಇನ್ನೂ ಪೂರ್ತಿ ಸಡಿಲವಾಗಿಲ್ಲ.

ಕಾಫಿ ಬಿಡಿ ಎಂದವರಿಗೆ: ಸಂಜೆಯದ್ದು ಬಿಟ್ಟೆ, ಬೆಳಗಿನದ್ದು ಬಿಡುವುದಿಲ್ಲ.