ಚಳಿಗಾಲಕ್ಕೆ ಬರುವ ಅಜ್ಜಿ ತಾತ

ಅಮೆರಿಕದ ಅರಿಜೋನಾದ ಮರುಭೂಮಿ ಊರು ಫೀನಿಕ್ಸ್‌ಗೆ ಹೊಸದಾಗಿ ಬಂದಿರುವ ಮಧುಗಿರಿ ಕಡೆಯ ತಾಯಿಯೊಬ್ಬರು ಹೋದ ವಾರ ನಮ್ಮ ಗುಂಪಿನಲ್ಲಿ ಕೇಳಿದ್ದರು. "ನಮ್ಮ ಬೀದಿಯಲ್ಲಿ ಅರ್ಧಕ್ಕರ್ಧ ಮನೆಗೆ ಬೀಗ. ಚಳಿಗಾಲಕ್ಕೆ ಬಂದು ಏಪ್ರಿಲ್‌ಗೆ ಹೊರಟುಬಿಡ್ತಾರಂತೆ. ಹೋಗುವವರ ಜೊತೆ ಮಕ್ಕಳಿಗೆ ಯಾಕೆ ಸ್ನೇಹ ಮಾಡಿಸಲಿ?" ರಜಕ್ಕೆ ಪಾವಗಡಕ್ಕೆ ಬಂದಿದ್ದೇವೆ. ಅಮ್ಮನ ಮನೆ ಜಗಲಿ ಮೇಲೆ ಕೂತು ಉತ್ತರ ಬರೆಯುತ್ತಿದ್ದೇನೆ. ಮಾಡಿಸಿ. ಖಂಡಿತ ಮಾಡಿಸಿ.

ನಾವು ಅಲ್ಲಿಗೆ ಹೋಗಿದ್ದು 2022ರ ಆಗಸ್ಟ್‌ನಲ್ಲಿ. ಮಗಳಿಗೆ ಎಂಟು, ಮಗನಿಗೆ ನಾಲ್ಕು. ಏಸಿ ಮನೆಯಿಂದ ಏಸಿ ಕಾರು, ಕಾರಿನಿಂದ ಏಸಿ ಅಂಗಡಿ. ಎಲ್ಲಿಗಾದರೂ ಹೋಗೋಣ ಅಂದರೆ "ಮೊದಲು ಸೆಟಲ್ ಆಗೋಣ" ಅನ್ನುತ್ತಿದ್ದೆವು. ಮೂರು ತಿಂಗಳಾದರೂ ಆ ಊರು ನಮಗೆ ಕಾರಿನ ಗಾಜಿನಾಚೆ ಕಾಣುವ ಕಂದು ಗುಡ್ಡ, ಅಷ್ಟೇ. ಪಾವಗಡದ ಬಂಡೆ, ಬಿಸಿಲು ಕಂಡು ಬೆಳೆದ ನನಗೂ ಅದು ಪರಊರಾಗಿಯೇ ಇತ್ತು.

ನವೆಂಬರ್‌ನಲ್ಲಿ ಎದುರು ಮನೆ ಬೀಗ ತೆಗೆಯಿತು. ಅಂಗಳದಲ್ಲಿ ಕೆನಡಾದ ಅಲ್ಬರ್ಟಾ ಪ್ರಾಂತ್ಯದ ನಂಬರಿನ ಕಾರು. ನಾನು ಮಗನನ್ನು "ಚಪ್ಪಲಿ ಹಾಕ್ಕೊಳೋ" ಅಂತ ಗದರುತ್ತಿದ್ದೆ. ಎದುರಿನಿಂದ ದನಿ ಬಂತು, "ಏನಮ್ಮಾ, ಕನ್ನಡದವರಾ?" ಕಾಟನ್ ಸೀರೆ, ಮೇಲೊಂದು ಸ್ವೆಟರ್. ಗಂಡ ಹೆಂಡತಿ ಇಬ್ಬರೂ ಕೋಲಾರ ಜಿಲ್ಲೆಯ ಶ್ರೀನಿವಾಸಪುರದವರು. ಅಲ್ಬರ್ಟಾದ ಎಡ್ಮಂಟನ್‌ಗೆ ಹೋಗಿ ನೆಲೆಸಿ ಮೂವತ್ತು ವರ್ಷ ದಾಟಿದೆ. ಅಲ್ಲಿ ಮೈನಸ್ 30ಕ್ಕೆ ಇಳಿದರೆ ಮಂಡಿ ನೋವು ತಡೆಯಲಾಗುವುದಿಲ್ಲ ಅಂತ, ನಿವೃತ್ತಿ ಆದಮೇಲೆ ಐದು ತಿಂಗಳು ಫೀನಿಕ್ಸ್‌ನಲ್ಲಿ ಬಾಡಿಗೆ ಮನೆ. ಸಾಮಾನ್ಯವಾಗಿ ಕೆನಡಾದವರು ಒಂದು ಸಲ ಬಂದರೆ ಆರು ತಿಂಗಳ ತನಕ ಇರಬಹುದು. ಆಸ್ಪತ್ರೆ ಖರ್ಚಿಗೆ ಬೇರೆ ವಿಮೆ ಮಾಡಿಸಿಕೊಂಡು ಬರಬೇಕು. ಇಂಥವರನ್ನು ಅಲ್ಲಿ ಸ್ನೋಬರ್ಡ್ಸ್ ಅನ್ನುತ್ತಾರೆ. ತುಂಬಾ ಜನ 55 ದಾಟಿದವರಿಗೇ ಕಟ್ಟಿದ ಬಡಾವಣೆಗಳಲ್ಲಿ ಇರುತ್ತಾರೆ. 1960ರಲ್ಲಿ ಶುರುವಾದ ಸನ್ ಸಿಟಿ ಅಂಥದ್ದು. ಅಲ್ಲಿಗೆ ಮೊಮ್ಮಕ್ಕಳು ಬಂದು ಹೋಗಬಹುದು, ಮನೆ ಮಾಡಿಕೊಂಡು ಇರುವ ಹಾಗಿಲ್ಲ. ಇವರಿಗೆ ಅದು ಬೇಡವಾಗಿತ್ತು. "ಮಕ್ಕಳ ಗಲಾಟೆ ಕೇಳಿಸದ ಬೀದಿ ಏನು ಬೀದಿ" ಅಂದರು ಆಂಟಿ.

ಅವರ ಹತ್ತಿರ ಐದೇ ತಿಂಗಳಿತ್ತಲ್ಲ, ಯಾವುದನ್ನೂ ಮುಂದಕ್ಕೆ ಹಾಕುತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ಏಳಕ್ಕೆ ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಪುಳಿಯೋಗರೆ, ನಮ್ಮ ಬಾಗಿಲಲ್ಲಿ ಹಾಜರ್. ಮೊದಲ ಸಲ ಸೌತ್ ಮೌಂಟನ್ ಪಾರ್ಕಿಗೆ ಹೋದೆವು. ಅಂಕಲ್ ಅಂಗಿ ಜೇಬಿನಲ್ಲಿ ಒಂದು ಬಾಚಣಿಗೆ. ತಲೆಯಲ್ಲಿ ಕೂದಲು ಕಮ್ಮಿ, ಬಾಚಣಿಗೆ ಯಾಕೆ ಅಂತ ಮಗಳಿಗೆ ಕುತೂಹಲ. ಅರ್ಧ ಗಂಟೆಯಲ್ಲಿ ಗೊತ್ತಾಯಿತು. ಅಲ್ಲಿ ಚೋಯಾ ಅಂತ ಒಂದು ಕಳ್ಳಿ ಇದೆ. ಸ್ವಲ್ಪ ತಗುಲಿದರೂ ಸಾಕು, ಮುಳ್ಳಿನ ಉಂಡೆಯೇ ಕಿತ್ತು ಬಂದು ಅಂಟಿಕೊಳ್ಳುತ್ತದೆ. ಮಗನ ಮೀನಖಂಡಕ್ಕೆ ಅಂಟಿತು. ನಾನು ಗಾಬರಿಯಿಂದ ಕೈ ಹಾಕಲು ಹೋದೆ. ಅಂಕಲ್ ನನ್ನ ಕೈ ಹಿಡಿದು ನಿಲ್ಲಿಸಿದರು. ಬಾಚಣಿಗೆಯ ಹಲ್ಲನ್ನು ಉಂಡೆಗೂ ಚರ್ಮಕ್ಕೂ ನಡುವೆ ತೂರಿಸಿ ಒಮ್ಮೆ ಚಿಮ್ಮಿದರು, ಅಷ್ಟೇ. ಉಂಡೆ ದೂರ ಹೋಗಿ ಬಿತ್ತು. ಉಳಿದ ಎರಡು ಮುಳ್ಳನ್ನು ಆಂಟಿ ಚಿಮಟದಲ್ಲಿ ಕಿತ್ತರು. ಮಗ ಅಳು ನಿಲ್ಲಿಸಿ ಬಾಚಣಿಗೆಯನ್ನೇ ನೋಡುತ್ತಿದ್ದ. ಈಗ ನಮ್ಮ ಮನೆಯಿಂದ ಬಾಚಣಿಗೆ ಇಲ್ಲದೆ ಯಾರೂ ಗುಡ್ಡಕ್ಕೆ ಹೋಗುವುದಿಲ್ಲ.

ಡೆಸರ್ಟ್ ಬೊಟಾನಿಕಲ್ ಗಾರ್ಡನ್ ತೋರಿಸಿದವರೂ ಅವರೇ. ಸಗ್ವಾರೋ ಅನ್ನುವ ಕಂಬದಂಥ ಕಳ್ಳಿಗೆ ಮೊದಲ ಕೈ, ಅಂದರೆ ಕೊಂಬೆ, ಒಡೆಯಲು ಸಾಮಾನ್ಯವಾಗಿ 50ರಿಂದ 75 ವರ್ಷ ಬೇಕು. "ನನಗಿನ್ನೂ ಕೈ ಬಂದಿರುತ್ತಿರಲಿಲ್ಲ" ಅಂದರು ಅಂಕಲ್. ಬೇಸಿಗೆಯಲ್ಲಿ ಅದರ ತುದಿಯಲ್ಲಿ ಹಣ್ಣಾಗುತ್ತದೆ. ಅಲ್ಲಿನ ಮೂಲನಿವಾಸಿಗಳಾದ ತೊಹೋನೊ ಓಡಮ್ ಜನ ಉದ್ದ ಗಳದಿಂದ ಕೆಡವುತ್ತಾರೆ. ಥೇಟ್ ನಮ್ಮ ದೋಟಿ! ಮಾವಿನ ತೋಪಿನಲ್ಲಿ ಬೆಳೆದ ಅಂಕಲ್‌ಗೆ ಅದನ್ನು ವಿವರಿಸುವಾಗ ಖುಷಿಯೋ ಖುಷಿ.

ನನ್ನ ಮನಸ್ಸಿನಲ್ಲಿ ಜಾಸ್ತಿ ಉಳಿದಿರುವುದು ಕಾಲುವೆ ಪಕ್ಕದ ಸಂಜೆ ನಡಿಗೆ. ಸಾವಿರ ವರ್ಷಕ್ಕೂ ಹಿಂದೆ ಅಲ್ಲಿ ಬದುಕಿದ್ದ ಹೊಹೊಕಾಮ್ ಜನ ಸಾಲ್ಟ್ ನದಿಯಿಂದ ನೂರಾರು ಮೈಲಿ ಕಾಲುವೆ ತೋಡಿದ್ದರು. ಇವತ್ತಿನ ಕೆಲವು ಕಾಲುವೆಗಳು ಅದೇ ಜಾಡಿನಲ್ಲಿವೆ. ಅಂಕಲ್ ಮಣ್ಣಿನ ಮೇಲೆ ಕಡ್ಡಿಯಿಂದ ಗೀಚಿ ಕೋಲಾರದ ಕೆರೆ ತೋರಿಸುತ್ತಿದ್ದರು. ಇದು ಏರಿ, ಇದು ತೂಬು, ಕೆರೆ ತುಂಬಿದರೆ ಕೋಡಿ ಬೀಳುತ್ತೆ, ಆ ನೀರು ಕೆಳಗಿನ ಕೆರೆಗೆ. ವರ್ಷವಿಡೀ ಹರಿಯುವ ನದಿ ಇಲ್ಲದ ಸೀಮೆ ಹೀಗೆ ಬದುಕಿದ್ದು ಅಂತ ಹೇಳಿದರು. ನಾನು ಮಗಳಿಗೆ ಮನೆಯಲ್ಲಿ ಕೂರಿಸಿ ಕನ್ನಡ ಪದ ಬರೆಸುತ್ತಿದ್ದೆ. ಅದು ತಪ್ಪಲ್ಲ. ಆದರೆ ತೂಬು, ಕೋಡಿ ಅನ್ನುವ ಮಾತು ಅವಳ ಬಾಯಿಗೆ ಬಂದದ್ದು ಆ ಕಡ್ಡಿಯಿಂದ.

ಏಪ್ರಿಲ್ ಬಂತು. ನೀವು ಹೆದರುವುದು ಇದಕ್ಕೇ ಅಲ್ವಾ? ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಂಟಿ "ಹೋಗ್ತೀವಿ" ಅನ್ನಲೇ ಇಲ್ಲ, "ಹೋಗಿ ಬರ್ತೀವಿ" ಅಂದರು. ಹಾಗಂದರೆ ಏನು ಅಂತ ಮಗಳಿಗೆ ನಿಜವಾಗಿ ತಿಳಿದದ್ದು ಮುಂದಿನ ನವೆಂಬರ್‌ನಲ್ಲಿ ಅದೇ ಬೀಗ ತೆಗೆದಾಗ.

ನಡುವೆ 2023ರ ಬೇಸಿಗೆ ಇತ್ತು. ಸತತ 31 ದಿನ ಬಿಸಿಲು 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು ಇಲ್ಲವೇ ದಾಟಿತ್ತು, ಅಂದರೆ 43 ಸೆಲ್ಸಿಯಸ್‌ಗೂ ಹೆಚ್ಚು. ಅದನ್ನು ನೋಡಲು ಅಜ್ಜಿ ತಾತ ಇರಲಿಲ್ಲ. ಸಗ್ವಾರೋ ಹೂ ಬಿರಿದದ್ದು, ಕೆಂಪು ಹಣ್ಣು ಒಡೆದು ಕಪ್ಪು ಬೀಜ ಕಂಡದ್ದು, ಧೂಳಿನ ಗೋಡೆ ಎದ್ದು ಬಂದದ್ದು, ಮಳೆ ಬಿದ್ದಾಗ ಕ್ರಿಯೋಸೋಟ್ ಗಿಡದಿಂದ ಬರುವ ಘಾಟು ವಾಸನೆ, ಎಲ್ಲ ಮಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಮೇಲೆ "ಅಜ್ಜಿಗೆ ಹೇಳೋದು" ಅಂತ ಕನ್ನಡದಲ್ಲೇ ಬರೆದಿದ್ದಳು. ಎರಡನೇ ವರ್ಷ ಊರು ತೋರಿಸಿದವಳು ಅವಳು, ನೋಡಿದವರು ಅವರು.

ಒಂದು ಮಾತು ಮಾತ್ರ ನೆನಪಿಡಿ. ಅವರನ್ನು ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹಚ್ಚಬೇಡಿ. ಜೊತೆಯಲ್ಲಿ ನೀವೂ ಹೋಗಿ. ದೂರಕ್ಕೆ ಹೋಗುವಾಗ ಕಾರು ನೀವು ಓಡಿಸಿ. ಅವರು ಊರಲ್ಲಿ ಇಲ್ಲದಾಗ ಅಂಗಳದ ಗಿಡಕ್ಕೆ ನೀರು ಹಾಕಿ. ನಮ್ಮ ಮಗನಿಗೆ ಈಗ ಅದು ಸಂಬಳವಿಲ್ಲದ ನೌಕರಿ, ನಾವು ಅಲ್ಲಿದ್ದಾಗ ಒಂದು ದಿನವೂ ತಪ್ಪಿಸುವುದಿಲ್ಲ.

ಇವತ್ತು ಬೆಳಿಗ್ಗೆ ಎಂಟಕ್ಕೆ ಮಗಳು ಇಲ್ಲಿಂದ ವೀಡಿಯೋ ಕಾಲ್ ಮಾಡಿದಳು. ಎಡ್ಮಂಟನ್‌ನಲ್ಲಿ ರಾತ್ರಿ ಎಂಟೂವರೆ, ಇನ್ನೂ ಬಿಸಿಲು. ನಮ್ಮ ಹೊಲದ ಬೇಲಿ ಹತ್ತಿರ ನಿಂತು ಫೋನ್ ತಿರುಗಿಸಿ ಕೂಗಿದಳು, "ಅಜ್ಜೀ, ಇಲ್ಲೂ ಪಾಪಾಸುಕಳ್ಳಿ ಇದೆ!" ಇದು ಅಮೆರಿಕದ ಕಡೆಯಿಂದಲೇ ಇಲ್ಲಿಗೆ ಬಂದ ಗಿಡ ಅಂತ ನಾನು ಹೇಳಿದ್ದೆ, ಅದನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಅತ್ತ ಕಡೆಯಿಂದ ಅಂಕಲ್ ದನಿ ಕೇಳಿಸಿತು.

"ಬಾಚಣಿಗೆ ತಂದಿದೀಯಾ, ಪುಟ್ಟಾ?"