ಸಂಪರ್ಕ ಕಡಿದಾಗ ಏನಾಗುತ್ತದೆ ಎಂಬುದನ್ನು ಡಾಕ್ಯುಮೆಂಟೇಶನ್‌ನಲ್ಲಿ ಎಲ್ಲಿ ಬರೆಯಬೇಕು?

ಮಳೆಮಾಪಕ, ಶಿರಸಿ

ತೋಟದ ಮಳೆಮಾಪಕ ಮತ್ತು ತೇವಾಂಶ ಸಂವೇದಕಗಳ ಅಂಕಿಗಳನ್ನು ಟಿಸಿಪಿ (ಅಂತರಜಾಲದಲ್ಲಿ ಮಾಹಿತಿ ಸಾಗಿಸುವ ನಿಯಮಾವಳಿ) ಮೂಲಕ ಸರ್ವರ್‌ಗೆ ಕಳುಹಿಸುವ ಸಣ್ಣ ಪೈಥಾನ್ ಲೈಬ್ರರಿಯೊಂದನ್ನು ನಾಲ್ಕು ವರ್ಷಗಳಿಂದ ನಾನೊಬ್ಬನೇ ನೋಡಿಕೊಳ್ಳುತ್ತಿದ್ದೇನೆ. ಮುಕ್ತ ತಂತ್ರಾಂಶ, ಸಾವಿರದ ಇನ್ನೂರು ಸಾಲಿನ ಕೋಡ್. ಕೋಡಿನ ಬಗ್ಗೆ ನನಗೆ ಅಳುಕಿಲ್ಲ, ಅದರ ಡಾಕ್ಯುಮೆಂಟೇಶನ್ ಬಗ್ಗೆ ಇದೆ.

ಪ್ರತಿ ಫಂಕ್ಷನ್‌ನ ಹೆಸರು, ಅದು ಏನನ್ನು ಪಡೆಯುತ್ತದೆ, ಏನನ್ನು ಮರಳಿಸುತ್ತದೆ ಎಂಬುದನ್ನು ಒಂದೂ ಬಿಡದೆ ಬರೆದಿದ್ದೇನೆ. ಆದರೂ ಜೂನ್ ಬಂತೆಂದರೆ ಒಂದೇ ಪ್ರಶ್ನೆ: ‘ಪ್ರೋಗ್ರಾಂ ನಿಂತಿಲ್ಲ, ದೋಷವನ್ನೂ ತೋರಿಸುತ್ತಿಲ್ಲ, ಅಂಕಿಗಳು ಮಾತ್ರ ಬರುತ್ತಿಲ್ಲ.’ ಗಾಳಿಮಳೆಗೆ ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಬರಿದಾದರೆ ನಮ್ಮ ಕಡೆ ಮೊಬೈಲ್ ಜಾಲ ಹೋಗುತ್ತದೆ. ಅದು ಹೇಳಿ ಹೋಗುವುದಿಲ್ಲ. ಟಿಸಿಪಿಯಲ್ಲಿ ಸಂಪರ್ಕ ಮುಗಿಸುವವರು ‘ಫಿನ್’ ಎಂಬ ಸೂಚನೆ ಕಳುಹಿಸಬೇಕು. ಅದು ಬರದಿದ್ದರೆ, ಕಿವಿಗೊಟ್ಟು ಕುಳಿತ ಕಡೆಯವರ ಪಾಲಿಗೆ ಸಂಪರ್ಕ ಇನ್ನೂ ಜೀವಂತ. ಲಿನಕ್ಸ್‌ನಲ್ಲಿ ಕೀಪ್‌ಅಲೈವ್, ಅಂದರೆ ಆ ಕಡೆಯವರು ಇನ್ನೂ ಇದ್ದಾರೆಯೇ ಎಂದು ವಿಚಾರಿಸುವ ವ್ಯವಸ್ಥೆಯನ್ನು, ನಾವಾಗಿ ಹಾಕಿಕೊಳ್ಳಬೇಕು. ಹಾಕಿದರೂ ಮೊದಲ ವಿಚಾರಣೆ ಹೊರಡುವುದು 7200 ಸೆಕೆಂಡುಗಳ ಮೌನ ಕಳೆದ ಮೇಲೆ; ಆಮೇಲೆ 75 ಸೆಕೆಂಡಿಗೊಂದರಂತೆ ಒಟ್ಟು 9 ಸಲ. ಎಲ್ಲ ಸೇರಿ ಎರಡು ಗಂಟೆ ಹನ್ನೊಂದು ನಿಮಿಷ. ಅಷ್ಟರಲ್ಲಿ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ ಸೇರಬಹುದು.

ಇದನ್ನು ಕೇಳಿದವರಿಗೆಲ್ಲ ಪತ್ರದಲ್ಲಿ ವಿವರಿಸಿದ್ದೇನೆ, ಡಾಕ್ಯುಮೆಂಟೇಶನ್‌ನಲ್ಲಿ ಒಂದು ಸಾಲೂ ಇಲ್ಲ. ಫಂಕ್ಷನ್‌ನ ವಿವರಣೆಯೊಳಗೆ ತುಂಬಿಸಿದರೆ ಓದುವವರು ದಣಿಯುತ್ತಾರೆ. ಬೇರೆ ಪುಟ ಮಾಡಿದರೆ ಯಾರೂ ತೆರೆಯಲಾರರೆಂಬ ಭಯ. ಬಳಸಿದವರು ಇದ್ದರೆ ದಯವಿಟ್ಟು ಹೇಳಿ: ಕೆಟ್ಟು ನಿಂತಾಗ ನೀವು ಮೊದಲು ಹುಡುಕಿದ್ದು ಏನನ್ನು?

ಅಘನಾಶಿನಿ ದಡ, ಕುಮಟಾ

ನಾನು ಬಳಸಿದವನು. ಸೀಗಡಿ ಹೊಂಡದ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಇಪ್ಪತ್ತು ಸೆಕೆಂಡಿಗೊಮ್ಮೆ ಅಳೆದು ಕಳುಹಿಸುತ್ತೇನೆ. ‘ಸೆಂಡ್’ ಫಂಕ್ಷನ್ ಬಗ್ಗೆ ನೀವು ಬರೆದದ್ದು ಇಷ್ಟು: ‘ಅಂಕಿಯನ್ನು ಸರ್ವರ್‌ಗೆ ಕಳುಹಿಸುತ್ತದೆ, ಯಶಸ್ವಿಯಾದರೆ ಟ್ರೂ ಮರಳಿಸುತ್ತದೆ.’ ಅದನ್ನು ನಂಬಿ, ಟ್ರೂ ಬಂದ ಕೂಡಲೇ ಆ ಅಂಕಿಯನ್ನು ಮೆಮೊರಿ ಕಾರ್ಡಿನಿಂದ ಅಳಿಸುತ್ತಿದ್ದೆ. ಒಂದು ರಾತ್ರಿ ಜಾಲ ಹೋಯಿತು. ಮನೆಯ ರೂಟರ್ ಉರಿಯುತ್ತಲೇ ಇತ್ತು, ಟ್ರೂ ಬರುತ್ತಲೇ ಇತ್ತು. 53 ಅಂಕಿಗಳು ಎಲ್ಲಿಯೂ ಉಳಿಯಲಿಲ್ಲ. ಹೋದದ್ದು ಬೆಳಗಿನ ಜಾವದವು, ಹೊಂಡದಲ್ಲಿ ಆಮ್ಲಜನಕ ತೀರ ಇಳಿಯುವ ಹೊತ್ತಿನವು. ಸೀಗಡಿ ಸಾಕುವವನಿಗೆ ಬೇಕಾದದ್ದೇ ಅವು.

ನಿಮ್ಮ ಕೋಡ್ ಓದಿದ ಮೇಲೆ ತಿಳಿಯಿತು: ಆ ಟ್ರೂ ಎಂದರೆ ಕರ್ನಲ್ (ಕಾರ್ಯಾಚರಣ ವ್ಯವಸ್ಥೆಯ ತಿರುಳು) ತನ್ನ ಬಫರಿಗೆ, ಅಂದರೆ ತಾತ್ಕಾಲಿಕ ಸಂಗ್ರಹಕ್ಕೆ, ಬೈಟುಗಳನ್ನು ತೆಗೆದುಕೊಂಡಿತು ಎಂದಷ್ಟೇ. ಸರ್ವರ್‌ಗೆ ತಲುಪಿತು ಎಂದಲ್ಲ.

ಆ ರಾತ್ರಿ ನಾನು ಫಂಕ್ಷನ್ ಹೆಸರನ್ನು ಹುಡುಕಲಿಲ್ಲ. ಕಣ್ಣೆದುರಿನ ಲಕ್ಷಣವನ್ನು ಹುಡುಕಿದೆ. ನಿಮಗೆ ಜೂನ್‌ನಲ್ಲಿ ಬರುವ ಆ ಪ್ರಶ್ನೆಯನ್ನೇ, ಅದೇ ಮಾತುಗಳಲ್ಲಿ, ಪುಟದ ತಲೆಬರಹ ಮಾಡಿ. ಖಂಡಿತ ತೆರೆಯುತ್ತಾರೆ.

ಕಾಳಿ ಸೇತುವೆ, ಕಾರವಾರ

ಇಂಥ ಪುಟಗಳನ್ನು ಬರೆಯುವುದು ನನ್ನ ಉದ್ಯೋಗ. ಲಕ್ಷಣದ ಪುಟ ಬೇಕು, ಆದರೆ ಅದೊಂದೇ ಸಾಲದು. ಕುಮಟಾದವರು ‘ಸೆಂಡ್’ ವಿವರಣೆಯನ್ನು ಓದಿಯೇ ಅಂಕಿಗಳನ್ನು ಅಳಿಸಿದರು. ಎಚ್ಚರಿಕೆ ಅಲ್ಲಿಯೇ ಇರಬೇಕಿತ್ತು. ಒಂದು ಸಾಲು ಸಾಕು, ಆದರೆ ಆ ಸಾಲು ಟ್ರೂ ಎಂಬ ಪದದ ಪಕ್ಕದಲ್ಲೇ ಇರಲಿ.

ಮಾದರಿ ಕೋಡನ್ನೂ ನೋಡಿದೆ. ಅದರಲ್ಲಿರುವ ಐಪಿ ವಿಳಾಸ ಯಾರದೋ ನಿಜವಾದ ಯಂತ್ರದ್ದಾಗಿರಬಹುದು, ನಕಲು ಮಾಡಿದವರೆಲ್ಲ ಅವರ ಬಾಗಿಲು ತಟ್ಟುತ್ತಾರೆ. 192.0.2.0 ರಿಂದ 192.0.2.255 ರವರೆಗಿನ ವಿಳಾಸಗಳನ್ನು 2010ರ ಅಂತರಜಾಲ ತಾಂತ್ರಿಕ ದಾಖಲೆ ಆರ್‌ಎಫ್‌ಸಿ 5737 ಬರವಣಿಗೆಯಲ್ಲಿ ಉದಾಹರಣೆಗೆಂದೇ ಮೀಸಲಿಟ್ಟಿದೆ. ಓದಲು ಮಾತ್ರ ಇರುವ ಮಾದರಿಗೆ ಅವು ಸರಿ. ಓಡಿಸಿ ನೋಡಬೇಕಾದ ಮಾದರಿಗೆ 127.0.0.1 (ಯಂತ್ರ ತನ್ನೊಂದಿಗೆ ತಾನೇ ಮಾತನಾಡುವ ವಿಳಾಸ) ಬಳಸಿ, ಮಾದರಿಗಳನ್ನು ಓಡಿಸಿ ಪರೀಕ್ಷಿಸುವ ಪೈಥಾನಿನ ಡಾಕ್‌ಟೆಸ್ಟ್‌ಗೆ ಒಪ್ಪಿಸಿ. ಕೋಡ್ ಬದಲಾಗಿ ಮಾದರಿ ಹಳತಾದ ದಿನವೇ ಪರೀಕ್ಷೆ ಸೋಲುತ್ತದೆ.

ಇನ್ನೊಂದು ಆಸೆ. ಸಂಪರ್ಕ ಕಡಿಯುವುದನ್ನು ಓದುಗರು ಮೇಜಿನ ಮೇಲೆಯೇ ನೋಡುವಂತಾಗಬೇಕು. ಲಿನಕ್ಸ್‌ನ ‘ಟಿಸಿ’ ಆದೇಶದಲ್ಲಿ ಕೆಟ್ಟ ಜಾಲವನ್ನು ಅನುಕರಿಸುವ ನೆಟೆಮ್ ಎಂಬುದಿದೆ. ಅದರಿಂದ, ಯಂತ್ರದೊಳಗಿನ ಜಾಲವಾದ ಲೂಪ್‌ಬ್ಯಾಕ್‌ನಲ್ಲಿ ಪ್ಯಾಕೆಟ್ ನಷ್ಟವನ್ನು ಶೇ. 100ಕ್ಕೆ ಏರಿಸಿದರೆ ಟವರ್ ಬಿದ್ದಂತೆಯೇ ಆಗುತ್ತದೆ. ಅದೇ ಯಂತ್ರದೊಳಗೆ ಮಾತನಾಡಿಕೊಳ್ಳುವ ಬೇರೆ ಪ್ರೋಗ್ರಾಂಗಳೂ ಆಗ ಕಿವುಡಾಗುತ್ತವೆ, ಆದ್ದರಿಂದ ತೆಗೆಯುವ ಆದೇಶವನ್ನು ಹಾಕುವ ಆದೇಶದ ಕೆಳಗೇ ಕೊಡಿ.

ಮಳೆಮಾಪಕ, ಶಿರಸಿ

ನಿನ್ನೆ ಸಂಜೆ ನೆಟೆಮ್ ಹಾಕಿ ಗಡಿಯಾರ ಹಿಡಿದು ಕುಳಿತೆ. ಕುಮಟಾದವರ 53 ಅಂಕಿಗಳ ಲೆಕ್ಕ ಸಿಕ್ಕಿತು. ನಾನು ಮೇಲೆ ಬರೆದ ಎರಡು ಗಂಟೆಯ ಮಾತು ಬರೀ ಕೇಳುವ ಕಡೆಗೆ ಸಲ್ಲುತ್ತದೆ. ಕಳುಹಿಸುವ ಕಡೆ, ಸ್ವೀಕೃತಿ ಬರದ ಬೈಟುಗಳನ್ನು ಲಿನಕ್ಸ್ ಮತ್ತೆ ಮತ್ತೆ ಕಳುಹಿಸಿ, ಸುಮಾರು 924 ಸೆಕೆಂಡು ದಾಟಿದ ಮೇಲೆಯೇ ಕೈಬಿಡುತ್ತದೆ. ನಿಧಾನದ ಜಾಲದಲ್ಲಿ ಇನ್ನೂ ಒಂದೆರಡು ನಿಮಿಷ ಹೆಚ್ಚು. ಇಪ್ಪತ್ತು ಸೆಕೆಂಡಿಗೊಂದರಂತೆ 53 ಎಂದರೆ ಹದಿನೇಳು ನಿಮಿಷಕ್ಕಿಂತ ತುಸು ಹೆಚ್ಚು. ಅಷ್ಟು ಹೊತ್ತೂ ನನ್ನ ಲೈಬ್ರರಿ ಅವರಿಗೆ ಟ್ರೂ ಎನ್ನುತ್ತಿತ್ತು. ಇದನ್ನು ಬರೆಯದೆ ಬಿಟ್ಟದ್ದು ನನ್ನ ತಪ್ಪು, ಕ್ಷಮಿಸಿ.

‘ಸೆಂಡ್’ ವಿವರಣೆ ಈಗ ಹೀಗಿದೆ: ‘ಅಂಕಿಯನ್ನು ಕರ್ನಲ್‌ಗೆ ಒಪ್ಪಿಸುತ್ತದೆ. ಟ್ರೂ ಬಂದರೆ ಒಪ್ಪಿಸಿದ್ದಾಯಿತು ಎಂದರ್ಥ, ಸರ್ವರ್‌ಗೆ ತಲುಪಿತು ಎಂದಲ್ಲ. ಸರ್ವರ್‌ನ ಉತ್ತರ ಬರುವವರೆಗೆ ನಿಮ್ಮ ಪ್ರತಿಯನ್ನು ಅಳಿಸಬೇಡಿ.’

ಲಕ್ಷಣದ ಪುಟವನ್ನು ಕನ್ನಡದಲ್ಲಿಯೇ ಮೊದಲು ಬರೆಯುತ್ತಿದ್ದೇನೆ, ಇಂಗ್ಲಿಷಿಗೆ ಆಮೇಲೆ. ಪ್ರಶ್ನೆ ಕೇಳಿದವರು ಕನ್ನಡದಲ್ಲಿ ಕೇಳಿದ್ದರು. ಟೈಮ್‌ಔಟ್, ಬಫರ್ ಎಂಬ ಪದಗಳನ್ನು ಹಾಗೆಯೇ ಇಟ್ಟಿದ್ದೇನೆ, ದೋಷಸಂದೇಶದಲ್ಲಿ ಕಾಣುವುದು ಅವೇ. ಕುಮಟಾದವರೇ, ಭಾನುವಾರದೊಳಗೆ ಕರಡು ಹಾಕುತ್ತೇನೆ. ಪ್ರಕಟಿಸುವ ಮೊದಲು ಹೊಂಡದ ದಡದಲ್ಲಿ ನಿಂತು, ಮೊಬೈಲಿನಲ್ಲಿ ಒಮ್ಮೆ ಓದಿ ನೋಡುತ್ತೀರಾ?

ಅಘನಾಶಿನಿ ದಡ, ಕುಮಟಾ

ಓದುತ್ತೇನೆ. ಉತ್ತರ ಬಂದ ಮೇಲೆ ಅಳಿಸುವ ಕೋಡಿನ ಮಾದರಿಯನ್ನೂ ಅದೇ ಪುಟದಲ್ಲಿ ಕೊಡಿ. ಒಂದೇ ಅಂಕಿ ಎರಡು ಸಲ ತಲುಪಿದರೆ ಸರ್ವರ್ ಗುರುತಿಸಬೇಕು, ಅದಕ್ಕೆ ನಾನು ಪ್ರತಿ ಅಂಕಿಗೂ ಕ್ರಮಸಂಖ್ಯೆ ಹಾಕಿದ್ದೇನೆ. ಆ ಹದಿನಾಲ್ಕು ಸಾಲುಗಳನ್ನು ಇಂದು ರಾತ್ರಿ ಕಳುಹಿಸುತ್ತೇನೆ.