ಕಪ್ಪು ಝಡ್4 ಬರ್ತಿದೆ, ಮನೆಯಲ್ಲೇ ನೋಡಿಕೊಳ್ಳೋಕೆ ಏನೇನು ತಗೊಳ್ಳಲಿ?

ಕಪ್ಪು ಝಡ್4

ಬಿಎಂಡಬ್ಲ್ಯೂ ಝಡ್4, ಬ್ಲ್ಯಾಕ್ ಸಫೈರ್ ಬಣ್ಣ, ಬಟ್ಟೆ ಟಾಪಿನದು. ಮುಂದಿನ ವಾರ ಡೆಲಿವರಿ. ಮನೆ ವೈಟ್‌ಫೀಲ್ಡ್ ಕಡೆ ಅಪಾರ್ಟ್‌ಮೆಂಟು, ಬೇಸ್‌ಮೆಂಟ್ ಪಾರ್ಕಿಂಗ್. ಹತ್ತಿರ ನಲ್ಲಿ ಇಲ್ಲ, ಪ್ಲಗ್ ಪಾಯಿಂಟ್ ಒಂದಿದೆ. ಬರೋದು ಬೋರ್‌ವೆಲ್ ನೀರು, ಇಲ್ಲಾಂದ್ರೆ ಟ್ಯಾಂಕರ್. ಶೋರೂಮಿನವರು ಸೆರಾಮಿಕ್ ಕೋಟಿಂಗ್ (ಪೇಂಟಿನ ಮೇಲೆ ಗಟ್ಟಿಯಾಗೋ ಪಾರದರ್ಶಕ ಲೇಪ) ಮಾಡಿಸಿ ಅಂತ ಬೆನ್ನು ಹತ್ತಿದ್ದಾರೆ. ನನ್ನ ಕೈಯಲ್ಲಿ ಸುಮಾರು 20,000 ಇದೆ. ಶ್ಯಾಂಪೂ, ವ್ಯಾಕ್ಸ್, ಪಾಲಿಶ್, ಬಟ್ಟೆ ಇವುಗಳಲ್ಲಿ ಯಾವುದು ಬೇಕು, ಯಾವುದು ಬೇಡ? ಅನುಭವ ಇರೋರು ದಯವಿಟ್ಟು ಹೇಳಿ.

ಎರಡು ಬಕೆಟ್

ಬಾಟಲಿಗಳ ಮಾತು ಆಮೇಲೆ. ಮೊದಲು ಶೋರೂಮಿಗೆ ಫೋನ್ ಮಾಡಿ, "ಡೆಲಿವರಿಗೆ ಮುಂಚೆ ಗಾಡಿ ತೊಳೀಬೇಡಿ, ಪಾಲಿಶ್ ಹೊಡೀಬೇಡಿ" ಅಂತ ಹೇಳಿ. ವಾಟ್ಸಾಪಲ್ಲೂ ಬರೆದು ಹಾಕಿ, ಯಾಕಂದ್ರೆ ಫೋನಲ್ಲಿ ಹೇಳಿದ್ದು ಯಾರ್ಡಿನ ಹುಡುಗರಿಗೆ ತಲುಪಲ್ಲ. ಅಲ್ಲಿ ಒಂದೇ ಬಟ್ಟೆಯಲ್ಲಿ ಸಾಲಾಗಿ ಗಾಡಿ ಒರೆಸ್ತಾರೆ. ಹೊಚ್ಚಹೊಸ ಕಪ್ಪು ಗಾಡಿಯಲ್ಲೂ ಬಿಸಿಲಿಗೆ ಜೇಡರಬಲೆ ಥರ ಸ್ವರ್ಲ್ ಗೆರೆ ಕಾಣೋದು ಅದಕ್ಕೇ.

ಎರಡನೇದು, ಬೆಳಗ್ಗೆ ಬಂದು ಬೇಸ್‌ಮೆಂಟಲ್ಲಿ ಎಲ್ಲರ ಗಾಡಿ ಒರೆಸಿ ಹೋಗುವವರಿಗೆ "ಇದನ್ನ ಮುಟ್ಟಬೇಡಿ" ಅಂತ ಮೊದಲ ದಿನವೇ ಹೇಳಿ. ಅಸೋಸಿಯೇಷನ್ನಿಗೂ ತಿಳಿಸಿ. ಬೆಂಗಳೂರಿನ ಧೂಳಿನಲ್ಲಿ ಸಣ್ಣ ಮರಳಿನ ಕಣ ಇರುತ್ತೆ, ಅದು ಕ್ಲಿಯರ್‌ಕೋಟಿಗಿಂತ, ಅಂದ್ರೆ ಬಣ್ಣದ ಮೇಲಿನ ಪಾರದರ್ಶಕ ಪದರಕ್ಕಿಂತ ಗಟ್ಟಿ. ಒಣ ಬಟ್ಟೆಯಲ್ಲಿ ಎಳೆದರೆ ಉಜ್ಜುಕಾಗದದ ಕೆಲಸವೇ. ಈ ಎರಡು ಕೆಲಸಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಆದರೆ ನೀವು ಕೊಳ್ಳೋ ಯಾವ ಬಾಟಲಿಗಿಂತಲೂ ಹೆಚ್ಚು ಉಪಯೋಗ.

ದುಡ್ಡು ಹಾಕೋದಾದ್ರೆ ಬಟ್ಟೆಗೆ ಹಾಕಿ. ಅಂಚು ಹೊಲಿಗೆ ಇಲ್ಲದ, 350ರಿಂದ 400 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಮೈಕ್ರೋಫೈಬರ್ ಒಂದು ಡಜನ್. ನೀರು ಹೀರೋಕೆ ಟ್ವಿಸ್ಟೆಡ್ ಲೂಪಿನ ದೊಡ್ಡ ಟವೆಲ್ ಒಂದು, 60×90 ಸೆಂ.ಮೀ. ಇದ್ದರೆ ಇಂಥ ಪುಟ್ಟ ಗಾಡಿಗೆ ಸಾಕು. ಚಕ್ರಕ್ಕೆ ಬೇರೆ ಬಣ್ಣದ ಅಗ್ಗದ ನಾಲ್ಕು. ಅವು ತಪ್ಪಿಯೂ ಬಾಡಿಗೆ ಬರಬಾರದು. ಒಗೆಯುವಾಗ ಲಿಕ್ವಿಡ್ ಡಿಟರ್ಜೆಂಟ್, ಉಗುರುಬೆಚ್ಚಗಿನ ನೀರು. ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಿದರೆ ಎಳೆಗೆ ಎಣ್ಣೆ ಪದರ ಕೂತು ನೀರು ಹೀರೋದೇ ನಿಲ್ಲುತ್ತೆ. ಹತ್ತಿ ಬಟ್ಟೆ ಜೊತೆ ಹಾಕಿದರೆ ಅದರ ನೂಲೆಲ್ಲ ಇದಕ್ಕೆ ಅಂಟಿಕೊಳ್ಳುತ್ತೆ.

ಹಳದಿ ಬಟ್ಟೆ, ಕೋಳಿಪುಕ್ಕದ ಡಸ್ಟರ್, ಸ್ಪಾಂಜು ಮನೆಗೇ ತರಬೇಡಿ.

ಎರಡು ಬಕೆಟ್

ಮೇಲಿನದಕ್ಕೆ ಸೇರಿಸ್ತಿದೀನಿ. ನಲ್ಲಿ ಇಲ್ಲ ಅಂದ್ರಲ್ಲ, ನನ್ನ ಹೆಸರಿನ ಎರಡು ಬಕೆಟ್ ಪದ್ಧತಿ (ಒಂದರಲ್ಲಿ ಶ್ಯಾಂಪೂ ನೀರು, ಇನ್ನೊಂದರಲ್ಲಿ ಕೊಳೆ ಜಾಲಿಸೋ ನೀರು) ನಿಮಗೆ ಆಗಲ್ಲ. ರಿನ್ಸ್‌ಲೆಸ್ ವಾಶ್, ಅಂದ್ರೆ ಒರೆಸಿದ ಮೇಲೆ ನೀರು ಹಾಕಿ ತೊಳೆಯೋದು ಬೇಕಿಲ್ಲದ ದ್ರಾವಣ ತಗೊಳ್ಳಿ. ಆಪ್ಟಿಮಮ್ ನೋ ರಿನ್ಸ್ ಆದ್ರೆ ಅಳತೆ 1:256, ಅಂದ್ರೆ 10 ಲೀಟರ್ ನೀರಿಗೆ 40 ಎಂಎಲ್. ಬೇರೆ ಕಂಪನಿಯದಾದ್ರೆ ಬಾಟಲಿ ಮೇಲಿನ ಅಳತೆ ನೋಡಿ. "ಇನ್ನೊಂಚೂರು ಇರಲಿ" ಅಂತ ಜಾಸ್ತಿ ಸುರಿದರೆ ಕಪ್ಪು ಬಣ್ಣದ ಮೇಲೆ ಮಸುಕು ಗೆರೆ ಉಳಿಯುತ್ತೆ, ಅದನ್ನ ತೆಗೆಯೋಕೆ ಮತ್ತೆ ಉಜ್ಜಬೇಕು.

ಎರಡು ಲೀಟರಿನ ಪಂಪ್ ಸ್ಪ್ರೇಯರಿಗೆ 8 ಎಂಎಲ್ ಹಾಕಿ, ಒಂದು ಬದಿಗೆ ಧಾರಾಳವಾಗಿ ಸಿಂಪಡಿಸಿ ಒಂದೆರಡು ನಿಮಿಷ ಬಿಡಿ, ಧೂಳು ನೆನೆಯಲಿ. ಬಕೆಟ್ಟಿನಲ್ಲಿ ಏಳೆಂಟು ಬಟ್ಟೆ ನೆನೆಹಾಕಿರಿ. ಒಂದನ್ನ ತೆಗೆದು ನಾಲ್ಕು ಮಡಿಕೆ ಮಾಡಿದರೆ ಎಂಟು ಮುಖ ಸಿಗುತ್ತೆ. ಭಾರ ಹಾಕದೆ ಒಂದೇ ದಿಕ್ಕಿಗೆ ಎಳೆಯಿರಿ, ಒಂದು ಮುಖ ಒಂದು ಸಲ. ಎಂಟೂ ಮುಗಿದ ಬಟ್ಟೆ ಬಕೆಟ್ಟಿಗೆ ವಾಪಸ್ ಹೋಗಬಾರದು, ಸೀದಾ ಒಗೆಯೋ ಬುಟ್ಟಿಗೆ. ಮೇಲಿಂದ ಕೆಳಗೆ ಬನ್ನಿ, ಬಾಗಿಲಿನ ಕೆಳಭಾಗ ಮತ್ತು ಹಿಂದಿನ ಬಂಪರ್ ಕೊನೆಗೆ.

ಬಾಗಿಲ ಕೆಳಗೆ ಕೆಸರು ಗಟ್ಟಿಯಾಗಿ ಮೆತ್ತಿದ್ದ ದಿನ ಮಾತ್ರ ಇದು ಬೇಡ. ಹೊರಗಡೆ ವಾಶಿಂಗ್‌ನಲ್ಲಿ ಬರೀ ಪ್ರೆಶರ್ ನೀರು ಹೊಡೆಸಿ, "ಬಟ್ಟೆ ಮುಟ್ಟಿಸಬೇಡಿ" ಅಂತ ನಿಂತು ನೋಡಿ, ಮನೆಗೆ ಬಂದು ಉಳಿದದ್ದು ಮಾಡಿ. ಟಾಪಿನ ಹತ್ತಿರಕ್ಕೆ ಆ ಗನ್ ತರೋಕೆ ಬಿಡಬೇಡಿ.

ಅಂದಹಾಗೆ, 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯೋ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂದಿತ್ತಲ್ಲ, ಆ ಬೇಸಿಗೆಯಿಂದ ಅರ್ಧ ಊರು ರಿನ್ಸ್‌ಲೆಸ್ ಕಡೆ ತಿರುಗಿದೆ ಅಂತ ನನ್ನ ಅನುಮಾನ.

ಹುಬ್ಬಳ್ಳಿ ಗ್ಯಾರೇಜ್

ನೀರಿನ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ ನೋಡ್ರಿ. ಮೊದ್ಲ ಒಂದು ಟಿಡಿಎಸ್ ಮೀಟರ್ (ನೀರಿನಾಗ ಕರಗಿದ ಉಪ್ಪು ಎಷ್ಟದ ಅಂತ ತೋರಿಸೋದು) ತಗೋರಿ, ಕೆಲವು ನೂರು ರೂಪಾಯಿಗೆ ಸಿಗ್ತದ. ಬೋರ್ ನೀರು 500 ದಾಟಿದ್ರ ಅದನ್ನ ಬಾಡಿ ಮ್ಯಾಲೆ ಒಣಗಾಕ ಬಿಡಬ್ಯಾಡ್ರಿ. ನೀರು ಆರಿ ಹೋಗ್ತದ, ಒಳಗಿನ ಸುಣ್ಣ ಉಳೀತದ. ಬಿಸಿಲಿಗೆ ಅದು ಕ್ಲಿಯರ್‌ಕೋಟನ್ನ ಕೊರೀತದ. ಕರೇ ಗಾಡಿ ಮ್ಯಾಲೆ ಬಿಳೀ ಉಂಗುರ ಎದ್ದು ಕಾಣ್ತಾವ.

ಒಂದು ದೊಡ್ಡ ಎಡವಟ್ಟು ಏನಪಾ ಅಂದ್ರ, ಆರ್‌ಓ ಮಶೀನಿನಿಂದ ಹೊರಗ ಬಿಡೋ ನೀರು ಹಿಡಿದಿಟ್ಟು ಕಾರು ತೊಳೆಯೋದು. ನೀರು ಉಳಿಸೋ ವಿಚಾರ ಚಲೋ ಅದ, ಅದರಾಗ ನೆಲ ಒರಸ್ರಿ. ಆದ್ರ ಆರ್‌ಓ ತೆಗೆದ ಉಪ್ಪೆಲ್ಲಾ ಆ ನೀರಿನಾಗ ಇರ್ತದ, ಟಿಡಿಎಸ್ ಬೋರ್ ನೀರಿಗಿಂತ ಜಾಸ್ತಿ. ಕಾರಿಗೆ ಬೇಕಾದ್ದು ಈ ಕಡೆ ಬರೋ ಕುಡಿಯೋ ನೀರು. ರಿನ್ಸ್‌ಲೆಸ್‌ಗೆ 10-12 ಲೀಟರ್ ಸಾಕಲ್ಲ, ಹಿಂದಿನ ರಾತ್ರಿ ಕ್ಯಾನಿನಾಗ ತುಂಬಿಸಿಡ್ರಿ. ಬೋರ್ ನೀರಿನಾಗ ಮಾಡೋದಕ್ಕೂ ಇದಕ್ಕೂ ಗಾಜಿನ ಮ್ಯಾಲೇ ಫರಕ್ ಕಾಣ್ತದ.

ಈಗಾಗ್ಲೇ ಕಲೆ ಬಿದ್ದಿದ್ರ, ಬಿಳಿ ವಿನೆಗರ್ ಒಂದು ಪಾಲು, ಆರ್‌ಓ ನೀರು ಒಂದು ಪಾಲು. ಬಟ್ಟೆ ಒದ್ದಿ ಮಾಡಿ ಕಲೆ ಮ್ಯಾಲೆ ಒಂದೆರಡು ನಿಮಿಷ ಇಡ್ರಿ, ಆಮ್ಯಾಲೆ ಚಂದಾಗಿ ಒರಸಿ ತೆಗೀರಿ. ಬಾನೆಟ್ ಬಿಸಿ ಇದ್ದಾಗ ಬ್ಯಾಡ. ಇದಕ್ಕೂ ಹೋಗಲಿಲ್ಲ ಅಂದ್ರ ಅದು ಕೊರೆದುಬಿಟ್ಟದ, ಪಾಲಿಶೇ ಗತಿ.

ಮೈಕ್ರಾನ್

ಸೆರಾಮಿಕ್ ವಿಷಯಕ್ಕೆ ಬರೋಣ. ಸೆರಾಮಿಕ್ ಕೋಟಿಂಗ್ ಕಲ್ಲೇಟು ತಡೆಯುವುದಿಲ್ಲ, ನೀರಿನ ಕಲೆಯನ್ನೂ ತಡೆಯುವುದಿಲ್ಲ. ಕೊಳೆ ಸುಲಭವಾಗಿ ಬಿಡುತ್ತದೆ, ಹೊಳಪು ನಿಲ್ಲುತ್ತದೆ, ಅಷ್ಟೇ. ಬ್ರೋಷರಿನ "9ಎಚ್" ಪೆನ್ಸಿಲ್ ಗಡಸುತನದ ಪರೀಕ್ಷೆಯ ಅಂಕಿ, ವಜ್ರದ ಲೆಕ್ಕವಲ್ಲ. ಹೆದ್ದಾರಿಯ ಕಲ್ಲಿಗೆ ಉತ್ತರ ಪಿಪಿಎಫ್ ಮಾತ್ರ. ಅದು ಪೇಂಟಿನ ರಕ್ಷಣೆಗೆ ಅಂಟಿಸುವ, ಸಾಮಾನ್ಯವಾಗಿ 150ರಿಂದ 200 ಮೈಕ್ರಾನ್ ದಪ್ಪದ ಫಿಲ್ಮ್. ಈ ಗಾಡಿಯ ಮೂತಿ ತಗ್ಗು, ಬಾನೆಟ್ ಉದ್ದ. ಮುಂದೆ ದುಡ್ಡು ಕೂಡಿದಾಗ ಮುಂದಿನ ಬಂಪರ್, ಬಾನೆಟ್, ಕನ್ನಡಿಗಳಿಗಷ್ಟೇ ಹಾಕಿಸಿದರೂ ಆಯಿತು. ಆದರೆ ಕ್ರಮ ನೆನಪಿರಲಿ: ಪಿಪಿಎಫ್ ಹಾಕಿಸುವ ಯೋಚನೆ ಇದ್ದರೆ ಈಗ ಪೇಂಟಿನ ಮೇಲೆ ಸೆರಾಮಿಕ್ ಬೇಡ. ಜಾರುವ ಮೇಲ್ಮೈಗೆ ಫಿಲ್ಮಿನ ಅಂಚು ಸರಿಯಾಗಿ ಕೂರುವುದಿಲ್ಲ. ಫಿಲ್ಮ್ ಆದಮೇಲೆ ಅದರ ಮೇಲೆ ಕೋಟಿಂಗ್ ಹಾಕಬಹುದು.

ಸದ್ಯಕ್ಕೆ ಸಿಲಿಕಾ ಇರುವ ಸ್ಪ್ರೇ ಸೀಲೆಂಟ್ ಒಂದು ಬಾಟಲಿ ಸಾಕು. ಒಂದು ಪ್ಯಾನೆಲ್ಲಿಗೆ ಎರಡು ಸಲ ಒತ್ತಿ, ಒಂದು ಬಟ್ಟೆಯಲ್ಲಿ ಹರಡಿ, ಇನ್ನೊಂದರಲ್ಲಿ ತಿರುವಿ ಒರೆಸಿ. ಎರಡು ಮೂರು ತಿಂಗಳಿಗೊಮ್ಮೆ ಮತ್ತೆ.

ಪಾಲಿಶ್ ಮಶೀನು ಬೇಡ. ಕ್ಲಿಯರ್‌ಕೋಟ್ ಸಾಮಾನ್ಯವಾಗಿ ಇರುವುದೇ 35ರಿಂದ 50 ಮೈಕ್ರಾನ್, ಪ್ರತಿ ಪಾಲಿಶ್ ಅದರಲ್ಲಿ ಒಂದಿಷ್ಟು ತಿನ್ನುತ್ತದೆ. ಹೊಸ ಗಾಡಿಗೆ ಮೊದಲು ಪರೀಕ್ಷೆ ಮಾಡಿ: ತೊಳೆದ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಸವರಿ. ನುಣುಪಾಗಿದ್ದರೆ ಕ್ಲೇ ಬಾರೂ (ಪೇಂಟಿಗೆ ಅಂಟಿದ ಕೊಳೆ ತೆಗೆಯುವ ಜೇಡಿಯಂಥ ತುಂಡು) ಬೇಡ. ಸಕ್ಕರೆ ಚೆಲ್ಲಿದಂತೆ ಚುಚ್ಚಿದರೆ ಮೊದಲು ಐರನ್ ರಿಮೂವರ್ (ಅಂಟಿದ ಕಬ್ಬಿಣದ ಕಣ ಕರಗಿಸುವ ದ್ರಾವಣ) ಸಿಂಪಡಿಸಿ, ಮೂರ್ನಾಲ್ಕು ನಿಮಿಷದಲ್ಲಿ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಒಣಗುವ ಮುಂಚೆ ತೊಳೆದುಬಿಡಿ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಬೇಸ್‌ಮೆಂಟಿನಲ್ಲಿ ಮಾಡಿದರೆ ಪಕ್ಕದ ಮನೆಯವರು ಗ್ಯಾಸ್ ಲೀಕ್ ಅಂದುಕೊಂಡಾರು. ಇದಕ್ಕೆ ನೀರೂ ಬೇಕು, ಹಾಗಾಗಿ ಮೇಲೆ ತಂದು ನೆರಳಲ್ಲಿ ಮಾಡಿ. ಆಮೇಲೂ ಚುಚ್ಚಿದರೆ ಮಾತ್ರ ಫೈನ್ ಕ್ಲೇ. ಕಪ್ಪು ಬಣ್ಣದ ಮೇಲೆ ಕ್ಲೇ ತಾನೇ ಮಂಜು ಗೆರೆ ಬಿಡಬಹುದು, ಅದಕ್ಕೆ ಮತ್ತೆ ಪಾಲಿಶ್. ನೆಲಕ್ಕೆ ಬಿದ್ದ ಕ್ಲೇ ತುಂಡನ್ನು ಎಸೆಯಿರಿ.

ಕರಾವಳಿ ಡ್ರೈವರ್

ಮೈಕ್ರಾನ್ ಹೇಳಿದ್ದರಲ್ಲಿ ಒಂದು ತಕರಾರು ಉಂಟು ಮಾರಾಯ್ರೆ. ಪಿಪಿಎಫ್ ಬೇಡವೇ ಬೇಡ ಅಂತಾದರೆ ಸೆರಾಮಿಕ್ ಮನೆಯಲ್ಲೇ ಹಾಕಬಹುದು, ಹೆದರಲಿಕ್ಕೆ ಏನಿಲ್ಲ. ಇದಕ್ಕೆ ರೂಫ್ ಪ್ಯಾನೆಲ್ ಇಲ್ಲವಲ್ಲ, 30 ಎಂಎಲ್ ಬಾಟಲಿ ಸಾಲುತ್ತದೆ. ಮೊದಲು 100 ಎಂಎಲ್ ಐಸೊಪ್ರೊಪೈಲ್ ಆಲ್ಕೊಹಾಲಿಗೆ 700 ಎಂಎಲ್ ಡಿಸ್ಟಿಲ್ಡ್ ವಾಟರ್ ಸೇರಿಸಿ ಎಣ್ಣೆ ಜಿಡ್ಡು ಒರೆಸಿ ತೆಗೆಯಿರಿ. ಮತ್ತೆ ಎರಡಡಿ ಚೌಕ ಮಾತ್ರ ಒಂದು ಸಲಕ್ಕೆ. ಮೇಲೆ ಕಾಮನಬಿಲ್ಲಿನ ಬಣ್ಣ ಮೂಡಿದ ಕೂಡಲೇ ಒರೆಸಬೇಕು. ಸೆಕೆ ಜಾಸ್ತಿ ಇದ್ದರೆ ಒಂದು ನಿಮಿಷ ಕೂಡ ಕಾಯಲಿಕ್ಕಿಲ್ಲ. ಬಿಟ್ಟುಹೋದ ಜಾಗ ಕಪ್ಪು ಕಲೆಯಾಗಿ ಗಟ್ಟಿಯಾದರೆ ತೆಗೆಯಲಿಕ್ಕೆ ಪಾಲಿಶ್ ಬೇಕಾಗುತ್ತದೆ, ಹಾಗಾಗಿ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಪ್ರತಿ ಪ್ಯಾನೆಲ್ ನೋಡಿಯೇ ಮುಂದೆ ಹೋಗಿ. 24 ಗಂಟೆ ನೀರು ತಾಗಬಾರದು, ಒಂದು ವಾರ ಶ್ಯಾಂಪೂ ಬೇಡ. ನಿಮ್ಮ ಬೇಸ್‌ಮೆಂಟ್ ಇದಕ್ಕೆ ಹೇಳಿ ಮಾಡಿಸಿದ ಜಾಗ.

ಬಟ್ಟೆ ಟಾಪಿನ ಬಗ್ಗೆ ಮಳೆ ಊರಿನವರ ಮಾತು ಕೇಳಿ. ಒದ್ದೆ ಇರುವಾಗ ಮಡಚಿ ಇಟ್ಟರೆ ಬೂಷ್ಟು ಹಿಡಿಯುತ್ತದೆ. ಅದು 50 ಕಿ.ಮೀ. ವೇಗದಲ್ಲಿಯೂ ಹತ್ತು ಸೆಕೆಂಡಿನಲ್ಲಿ ತೆರೆದುಕೊಳ್ಳುತ್ತದೆ, ಆ ಖುಷಿಗೆ ಮಳೆ ನಿಂತ ಕೂಡಲೇ ಬಟನ್ ಒತ್ತಬೇಡಿ. ವ್ಯಾಕ್ಸ್, ಸೀಲೆಂಟ್ ಬಟ್ಟೆಗೆ ತಾಗಿದರೆ ಬಿಳಿ ಕಲೆ. ಮೊದಲು ವ್ಯಾಕ್ಯೂಮ್, ಆಮೇಲೆ ಮೃದು ಬ್ರಷ್‌ನಲ್ಲಿ ನೇಯ್ಗೆಯ ದಿಕ್ಕಿಗೆ. ವರ್ಷಕ್ಕೆ ಒಂದೋ ಎರಡೋ ಸಲ ಸಾಫ್ಟ್ ಟಾಪ್ ಕ್ಲೀನರ್ ಹಾಕಿ, ನೊರೆ ಪೂರಾ ತೊಳೆದು, ಒಂದು ದಿನ ಒಣಗಿಸಿ. ಮತ್ತೆ 303 ಫ್ಯಾಬ್ರಿಕ್ ಗಾರ್ಡ್ ಥರದ್ದು ಸಿಂಪಡಿಸುವ ಮೊದಲು ಸುತ್ತಲಿನ ಪೇಂಟಿಗೂ ಹಿಂದಿನ ಗಾಜಿಗೂ ಮಾಸ್ಕಿಂಗ್ ಟೇಪ್, ಪೇಪರ್ ಅಂಟಿಸಿ. ಗಾಳಿ ಆಡುವಲ್ಲಿ ಮಾಡಿ. ಬಟ್ಟೆ ಎಲ್ಲ ಕಡೆ ಒಂದೇ ಸಮ ಒದ್ದೆಯಾಗಬೇಕು, ಮತ್ತೆ 24 ಗಂಟೆ ಒಣಗಲಿ. ನೀರು ಹನಿಯಾಗಿ ಉರುಳುವುದು ನಿಂತು ಬಟ್ಟೆಗೆ ಇಳಿಯಲಿಕ್ಕೆ ಶುರುವಾದರೆ ಪುನಃ ಹಾಕುವ ಸಮಯ ಬಂತು ಅಂತ ಲೆಕ್ಕ.

ಗಾಲಿ

ಚಕ್ರ ಯಾವಾಗಲೂ ತಣ್ಣಗಾದ ಮೇಲೆ, ಬೇರೆ ಬಕೆಟ್ಟು. ಆಸಿಡ್ ಇರೋ ವ್ಹೀಲ್ ಕ್ಲೀನರ್ ಬೇಡ, ಅಲಾಯ್ ಮೇಲಿನ ಲ್ಯಾಕರ್ ಮಂಕಾಗುತ್ತೆ. ಸಾಮಾನ್ಯ ಧೂಳಿಗೆ ರಿನ್ಸ್‌ಲೆಸ್ ನೀರೇ ಸಾಕು, ಕಂದು ಚುಕ್ಕೆ ಬಿದ್ದಾಗ ಮಾತ್ರ ಐರನ್ ರಿಮೂವರ್. ಟೈರಿಗೆ ನೀರಿನಂಶದ ಡ್ರೆಸ್ಸಿಂಗ್, ಬಟ್ಟೆಯಲ್ಲಿ ಹಚ್ಚಿ ಹದಿನೈದು ನಿಮಿಷಕ್ಕೆ ಹೆಚ್ಚಿನದ್ದು ಒರೆಸಿ. ಎಣ್ಣೆಯಂಥ ಸಿಲಿಕೋನ್ ಹಚ್ಚಿದರೆ ಬಾಗಿಲಿಗೆಲ್ಲ ಸಿಡಿಯುತ್ತೆ. ರಸ್ತೆಗೆ ತಾಗೋ ಭಾಗಕ್ಕೆ ಏನನ್ನೂ ಹಚ್ಚಬೇಡಿ. ಕೆಲಸ ಮುಗಿದ ಮೇಲೆ ಗಾಡಿ ಹಾಗೇ ನಿಲ್ಲಿಸಬೇಡಿ, ಕ್ಯಾಂಪಸ್ಸಲ್ಲಿ ಒಂದು ಸುತ್ತು ಹೋಗಿ ನಿಧಾನಕ್ಕೆ ನಾಲ್ಕೈದು ಸಲ ಬ್ರೇಕ್ ಒತ್ತಿ, ಡಿಸ್ಕ್ ಒಣಗಲಿ.

ಒಳಗಡೆಗೆ ದೊಡ್ಡ ಪಟ್ಟಿ ಬೇಡ. ಸೀಟಿನ ಲೆದರಿಗೆ ಒದ್ದೆ ಬಟ್ಟೆ, ಜಿಡ್ಡು ಕಂಡರೆ ಪಿಎಚ್ ನ್ಯೂಟ್ರಲ್ ಕ್ಲೀನರ್. ಡ್ಯಾಶ್‌ಬೋರ್ಡಿಗೆ ಹೊಳೆಯೋ ಪಾಲಿಶ್ ಹಚ್ಚಿದರೆ ಟಾಪ್ ತೆಗೆದಾಗ ಬಿಸಿಲು ಮುಂದಿನ ಗಾಜಲ್ಲಿ ಪ್ರತಿಫಲಿಸಿ ಕಣ್ಣು ಕುಕ್ಕುತ್ತೆ.

ಕಪ್ಪು ಝಡ್4

ಎಲ್ಲರಿಗೂ ಥ್ಯಾಂಕ್ಸ್. ಶೋರೂಮಿಗೆ ಫೋನ್ ಮಾಡಿ ಸೆರಾಮಿಕ್ ಬೇಡ, ತೊಳೆಯೋದೂ ಬೇಡ ಅಂದೆ. ಕೊನೇದೊಂದು: ಆಫೀಸಿನಲ್ಲಿ ಮರದ ಕೆಳಗೇ ಪಾರ್ಕಿಂಗ್, ಪಕ್ಕದಲ್ಲಿ ಕಟ್ಟಡದ ಕೆಲಸ ಬೇರೆ. ಹಕ್ಕಿ ಹಿಕ್ಕೆ, ಸಿಮೆಂಟ್ ಬಿದ್ದರೆ?

ಎರಡು ಬಕೆಟ್

ಅರ್ಧ ಲೀಟರ್ ಸ್ಪ್ರೇ ಬಾಟಲಿಗೆ ಆರ್‌ಓ ನೀರು, 2 ಎಂಎಲ್ ರಿನ್ಸ್‌ಲೆಸ್, ಜೊತೆಗೆ ಎರಡು ಬಟ್ಟೆ ಡಿಕ್ಕಿಯಲ್ಲಿರಲಿ. ಹಿಕ್ಕೆಯಲ್ಲಿ ಯೂರಿಕ್ ಆಮ್ಲ ಇರುತ್ತೆ, ಬಿಸಿಲಿಗೆ ಒಂದೇ ಮಧ್ಯಾಹ್ನದಲ್ಲಿ ಕಪ್ಪು ಪೇಂಟನ್ನ ಕಚ್ಚಬಹುದು. ಬಟ್ಟೆ ಒದ್ದೆ ಮಾಡಿ ಅದರ ಮೇಲೆ ಐದು ನಿಮಿಷ ಹೊದಿಸಿ, ಆಮೇಲೆ ಉಜ್ಜದೆ ಮೇಲಕ್ಕೆ ಎತ್ತಿ ತೆಗೆಯಿರಿ. ಹಿಕ್ಕೆಯಲ್ಲಿ ಬೀಜ, ಮರಳು ಇರುತ್ತೆ, ಎಳೆದರೆ ಗೀರು ಗ್ಯಾರಂಟಿ.

ಸಿಮೆಂಟ್ ಧೂಳಿನ ಮೇಲೆ ಮಾತ್ರ ಬಾಟಲಿಯಲ್ಲಿ ಚೂರು ಸಿಂಪಡಿಸಿ ಬಿಟ್ಟುಬಿಡಬೇಡಿ, ಅಲ್ಲೇ ಗಟ್ಟಿಯಾಗುತ್ತೆ. ಕೈ ಹಾಕದೆ ಅವತ್ತೇ ವಾಶಿಂಗ್‌ಗೆ ಹೋಗಿ ಧಾರಾಳ ನೀರು ಹೊಡೆಸಿ. ಗಟ್ಟಿಯಾಗಿಬಿಟ್ಟಿದ್ದರೆ ಹುಬ್ಬಳ್ಳಿಯವರು ಹೇಳಿದ ವಿನೆಗರ್ ನೀರನ್ನೇ ಹತ್ತಿಯಲ್ಲಿ ಅದ್ದಿ ಸಿಮೆಂಟಿನ ಮೇಲಿಟ್ಟು, ಮೆತ್ತಗಾದಷ್ಟೇ ತೆಗೆದು, ತೊಳೆದು, ಮತ್ತೆ ಇಡಿ. ಉಗುರು ಹಾಕಬೇಡಿ. ಆ ಜಾಗದ ಸೀಲೆಂಟ್ ಹೋಗಿರುತ್ತೆ, ಅಲ್ಲಿಗೆ ಇನ್ನೊಂದು ಸಲ ಹಚ್ಚಿ.